ಮಂಡಳಿಯ ಕುರ್ಚಿಯಲ್ಲಿ ಕೂತ ನಿಮ್ಮ ಸದಸ್ಯರು ಯಾರ ಪರ?

ಬಸವಕಲ್ಯಾಣ, ಹುಮನಾಬಾದ್ ಕಡೆಯಿಂದ ಕೇಳ್ತಾ ಇರೋರಿಗೆ ಮೊದಲು ಒಂದು ಪ್ರಶ್ನೆ. ನಿಮ್ಮ ವಾರ್ಡಿನ ಸದಸ್ಯರ ಹೆಸರು ನಿಮಗೆ ಗೊತ್ತು. ಹಬ್ಬ ಬಂದಾಗಲೆಲ್ಲ ಫ್ಲೆಕ್ಸ್‌ನಲ್ಲಿ ಅವರ ಮುಖ ನೋಡ್ತೀರಿ. ಆದರೆ ಅದೇ ಸದಸ್ಯರು ಅಭಿವೃದ್ಧಿಯ ಸಮಿತಿಯಲ್ಲೋ ಪ್ರಾಧಿಕಾರದಲ್ಲೋ ಕೂತಾಗ ಕಾನೂನು ಅವರಿಗೆ ಏನು ಹೇಳುತ್ತದೆ? ಇವತ್ತಿನ ಮಾತು ಅದರ ಬಗ್ಗೆ.

ಬಸವಕಲ್ಯಾಣದಲ್ಲಿ ನಗರಸಭೆ, ಹುಮನಾಬಾದ್‌ನಲ್ಲಿ ಪುರಸಭೆ. ಎರಡಕ್ಕೂ 1964ರ ಕರ್ನಾಟಕ ಪುರಸಭೆಗಳ ಕಾಯ್ದೆಯೇ ಆಧಾರ. ಇದರ ಜೊತೆಗೆ ಬಸವಕಲ್ಯಾಣಕ್ಕಾಗಿಯೇ 2005ರಲ್ಲಿ ಬೇರೆ ಕಾನೂನು ಮಾಡಿ ಅಭಿವೃದ್ಧಿ ಮಂಡಳಿ ರಚಿಸಿದರು. 2021ರ ಜನವರಿ 6ರಂದು ನೂತನ ಅನುಭವ ಮಂಟಪಕ್ಕೆ ಅಡಿಗಲ್ಲು ಹಾಕಿದಾಗ ಹೇಳಿದ ಅಂದಾಜು ವೆಚ್ಚ 500 ಕೋಟಿ ರೂಪಾಯಿ. ಇನ್ನು ಜಿಲ್ಲಾ ಯೋಜನಾ ಸಮಿತಿ. ಸಂವಿಧಾನದ ಪ್ರಕಾರ ಅದರ ಐದರಲ್ಲಿ ನಾಲ್ಕು ಭಾಗ ಸದಸ್ಯರು ಜಿಲ್ಲಾ ಪಂಚಾಯಿತಿ ಮತ್ತು ನಗರ ಸಂಸ್ಥೆಗಳ ಚುನಾಯಿತ ಸದಸ್ಯರಿಂದಲೇ ಬರಬೇಕು. ಅಂದರೆ ದುಡ್ಡು ದೊಡ್ಡದು, ಜಾಗ ನಮ್ಮದು, ಕೈ ಎತ್ತೋರು ನಾವು ಗೆಲ್ಲಿಸಿದವರು.

ಮೊದಲನೆಯ ಕರ್ತವ್ಯ, ಸ್ವಂತ ಲಾಭ ದೂರ ಇಡೋದು. ಪುರಸಭೆಯ ಕೆಲಸದಲ್ಲಿ, ಗುತ್ತಿಗೆಯಲ್ಲಿ ಸದಸ್ಯರಿಗೆ ನೇರವಾಗಿ ಅಥವಾ ಪಾಲುದಾರರ ಮೂಲಕ ಪಾಲು ಇದ್ದರೆ 1964ರ ಕಾಯ್ದೆ ಪ್ರಕಾರ ಅದು ಅನರ್ಹತೆಗೆ ಕಾರಣ. ಬೇರೆಯವರ ಹೆಸರಲ್ಲಿ ಟೆಂಡರ್ ಹಿಡಿದರೂ ಕಾನೂನು ನೋಡೋದು ಲಾಭ ಯಾರಿಗೆ ಅನ್ನೋದನ್ನೇ.

ಎರಡನೆಯದು, ತನ್ನ ವಿಷಯ ಬಂದಾಗ ಎದ್ದು ಹೋಗೋದು. 1969ರ ಕ್ರೈಪಾಕ್ ಪ್ರಕರಣ ಕೇಳ್ರಿ. ಜಮ್ಮು ಕಾಶ್ಮೀರದಲ್ಲಿ ಅರಣ್ಯ ಸೇವೆಯ ಆಯ್ಕೆ ಮಂಡಳಿ. ಅದರಲ್ಲಿ ಕೂತ ಅಧಿಕಾರಿಯೊಬ್ಬರು ತಾವೇ ಅಭ್ಯರ್ಥಿ! ತಮ್ಮ ಹೆಸರು ಬಂದಾಗ ದೂರ ಉಳಿದರು, ಆದರೆ ಪೈಪೋಟಿಯಲ್ಲಿದ್ದ ಬೇರೆಯವರ ಬಗ್ಗೆ ಚರ್ಚಿಸುವಾಗ ಕೂತಿದ್ದರು. ಸುಪ್ರೀಂ ಕೋರ್ಟ್ ಆ ಆಯ್ಕೆಯನ್ನೇ ರದ್ದು ಮಾಡಿತು. ಇದನ್ನು ನಮ್ಮ ಊರಿಗೆ ತನ್ನಿ. ರಸ್ತೆ ಅಗಲೀಕರಣದ ಗೆರೆ ಎಳೆಯುವ ಸಭೆ ಅಂತ ಇಟ್ಕೊಳ್ರಿ. ಅದೇ ರಸ್ತೆಯಲ್ಲಿ ಒಬ್ಬ ಸದಸ್ಯರ ಅಂಗಡಿ ಇದೆ. ಗೆರೆ ಎಡಕ್ಕೆ ಸರಿದರೆ ಅವರ ಗೋಡೆ ಉಳಿಯುತ್ತದೆ, ಎದುರಿನವರ ಮನೆ ಹೋಗುತ್ತದೆ. ಅಲ್ಲಿ ಅವರು ಬಾಯಿ ಮುಚ್ಚಿ ಕೂತರೆ ಸಾಲದು, ಕೂರಲೇಬಾರದು.

ಮೂರನೆಯದು, ಸ್ವಂತ ಬುದ್ಧಿ ಬಳಸೋದು. “ಮೇಲಿಂದ ಹೇಳಿದಾರ್ರಿ” ಅನ್ನೋದು ಕಾನೂನಿನ ಉತ್ತರ ಅಲ್ಲ. ಬೆಂಗಳೂರಿನಲ್ಲಿ ಪಾರ್ಕಿಗೆ ಬಿಟ್ಟ ಜಾಗವನ್ನು ಮುಖ್ಯಮಂತ್ರಿ ಮಟ್ಟದ ಆದೇಶದ ಮೇಲೆ ಬಿಡಿಎ ಖಾಸಗಿ ಆಸ್ಪತ್ರೆಗೆ ಕೊಟ್ಟಿತ್ತು. ಬಡಾವಣೆಯ ನಿವಾಸಿಗಳು ಕೋರ್ಟಿಗೆ ಹೋದರು. 1991ರಲ್ಲಿ ಸುಪ್ರೀಂ ಕೋರ್ಟ್ ಅವರ ಪರವಾಗಿಯೇ ತೀರ್ಪು ಕೊಟ್ಟಿತು. ಕಾನೂನು ಪ್ರಾಧಿಕಾರಕ್ಕೆ ಕೊಟ್ಟ ಅಧಿಕಾರವನ್ನು ಇನ್ನೊಬ್ಬರ ಕೈಗೆ ಕೊಟ್ಟು ಸುಮ್ಮನಿರೋ ಹಾಗಿಲ್ಲ.

ನಾಲ್ಕನೆಯದು, ಕಾನೂನು ಹೇಳಿದ ದಾರಿಯಲ್ಲೇ ಹೋಗೋದು. ಸಂತೆ, ಬಸ್‌ಸ್ಟ್ಯಾಂಡ್ ಹತ್ತಿರ ತಳ್ಳುಗಾಡಿ ಇಟ್ಟವರನ್ನು “ಅಭಿವೃದ್ಧಿ” ಅಂತ ಒಂದೇ ಬೆಳಗ್ಗೆ ಎಬ್ಬಿಸಬಹುದಾ? 2014ರ ಬೀದಿ ವ್ಯಾಪಾರಿಗಳ ಕಾಯ್ದೆ ಪ್ರಕಾರ ಸಮೀಕ್ಷೆ ಮುಗಿದು ಪ್ರಮಾಣಪತ್ರ ಕೊಡುವ ತನಕ ಎಬ್ಬಿಸುವಂತಿಲ್ಲ. ಆಮೇಲೂ 30 ದಿನದ ನೋಟಿಸ್ ಬೇಕು. ಪಟ್ಟಣ ವ್ಯಾಪಾರ ಸಮಿತಿಯಲ್ಲಿ ಕನಿಷ್ಠ ಶೇ 40ರಷ್ಟು ಜನ ವ್ಯಾಪಾರಿಗಳೇ ಇರಬೇಕು.

ಇದನ್ನೆಲ್ಲ ಮುರಿದರೆ? ರಾಜಸ್ಥಾನದ ಕೌನ್ಸಿಲರ್ ಒಬ್ಬರು ತಾನು ಸರ್ಕಾರಿ ನೌಕರ ಅಲ್ಲ, ಭ್ರಷ್ಟಾಚಾರ ತಡೆ ಕಾಯ್ದೆ ತನಗೆ ತಾಗಲ್ಲ ಅಂತ ವಾದಿಸಿದ್ದರು. 2013ರಲ್ಲಿ ಸುಪ್ರೀಂ ಕೋರ್ಟ್ ಒಪ್ಪಲಿಲ್ಲ. ಸಾರ್ವಜನಿಕ ಕರ್ತವ್ಯ ಮಾಡುವ ಸದಸ್ಯರೂ ಆ ಕಾಯ್ದೆಯಡಿ ಬರ್ತಾರೆ.

ಈಗ ನಿಮ್ಮ ಕೆಲಸ. ಸಭೆಯ ನಡಾವಳಿ, ಹಾಜರಾತಿ ಪಟ್ಟಿ, ಯಾರು ಆಕ್ಷೇಪ ಹೇಳಿದರು ಅನ್ನೋದನ್ನು ಮಾಹಿತಿ ಹಕ್ಕಿನಲ್ಲಿ ಕೇಳ್ರಿ. ಒಂದು ಅರ್ಜಿಗೆ ಒಂದೇ ವಿಷಯ, 150 ಪದದೊಳಗೆ, ಶುಲ್ಕ 10 ರೂಪಾಯಿ. 30 ದಿನದಲ್ಲಿ ಉತ್ತರ ಬರಬೇಕು. ಬರದಿದ್ದರೆ ಮೇಲ್ಮನವಿ ಹಾಕ್ರಿ. ಗೋಡೆ ಬಿದ್ದ ಮೇಲೆ ಓಡಾಡೋದಕ್ಕಿಂತ ಗೆರೆ ಎಳೆಯುವ ಮೊದಲೇ ಕೇಳೋದು ಮೇಲು.

ಎಲ್ಲಾ ಸದಸ್ಯರೂ ಕಳ್ಳರು ಅಂತ ನಾನು ಹೇಳ್ತಿಲ್ಲ. ಎಷ್ಟೋ ಜನರಿಗೆ ಈ ನಿಯಮಗಳನ್ನು ಯಾರೂ ಹೇಳಿಕೊಟ್ಟೇ ಇರಲ್ಲ. ಈ ಎಪಿಸೋಡ್ ಲಿಂಕ್ ಅವರಿಗೂ ಕಳಿಸ್ರಿ. 12ನೇ ಶತಮಾನದಲ್ಲೇ ಕೂತು ಚರ್ಚೆ ಮಾಡಿದ ಊರಿದು, ಇಲ್ಲಿ ಪ್ರಶ್ನೆ ಕೇಳೋಕೆ ಹಿಂಜರಿಯೋದು ಯಾಕೆ? ಮುಂದಿನ ಎಪಿಸೋಡ್‌ನಲ್ಲಿ ಸಿಗೋಣ, ಶರಣು.