ಪಾತ್ರೆ ತಿಕ್ಕಿದ್ದು ಆರು ವಾರ, ಹೊಗಳಿಕೆ ಊರ ತುಂಬ

(ಪಾಡ್‌ಕಾಸ್ಟ್ ಸಂಚಿಕೆಯ ಲಿಖಿತ ರೂಪ. ಮಾತಾಡಿದವರು ಹೊಳಲ್ಕೆರೆ ತಾಲ್ಲೂಕು ರಾಮಗಿರಿಯ ಯುವಕ. ಅವರ ಕೋರಿಕೆಯಂತೆ ಹೆಸರು ಹಾಕಿಲ್ಲ. ಮಾತಿನ ಧಾಟಿಯನ್ನು ಹೆಚ್ಚು ಬದಲಿಸಿಲ್ಲ.)

ಎಲ್ಲರಿಗೂ ನಮಸ್ಕಾರ. ಇಯರ್‌ಫೋನ್ ಹಾಕ್ಕೊಂಡು ಬಸ್ಸಲ್ಲಿ ಕೂತು ಕೇಳ್ತಿರೋರಿಗೂ, ಅಡುಗೆಮನೆ ಕಟ್ಟೆ ಮೇಲೆ ಫೋನ್ ಇಟ್ಟು ಪಾತ್ರೆ ತಿಕ್ಕುತ್ತಾ ಕೇಳ್ತಿರೋರಿಗೂ. ಎರಡನೇ ಗುಂಪಿನವರಿಗೆ ಸ್ವಲ್ಪ ಜಾಸ್ತಿ ನಮಸ್ಕಾರ. ಇವತ್ತಿನ ಮಾತು ನಿಮ್ಮ ಜಾಗದಿಂದಲೇ ಶುರು.

ನಮ್ಮೂರು ರಾಮಗಿರಿ. ಬೆಂಗಳೂರಿಂದ ಬೀರೂರು, ಚಿಕ್ಕಜಾಜೂರು ಮೇಲೆ ಹುಬ್ಬಳ್ಳಿ ಕಡೆ ರೈಲಲ್ಲಿ ಹೋಗಿದ್ರೆ ನೀವು ನಮ್ಮೂರು ದಾಟಿ ಹೋಗಿರ್ತೀರಿ. ನೋಡಿರೋದು ಅನುಮಾನ. ಜೋರಾಗಿ ಹೋಗೋ ರೈಲುಗಳು ಇಲ್ಲಿ ನಿಲ್ಲಲ್ಲ. (ನಗು)

ನಾನು ಬಿ.ಕಾಂ ಮುಗಿಸಿ ಬೆಂಗಳೂರಲ್ಲಿ ಮೂರು ವರ್ಷ ಒಂದು ಕಂಪನಿಯ ಬಿಲ್ಲಿಂಗ್ ವಿಭಾಗದಲ್ಲಿದ್ದೆ. 2024ರ ಜನವರಿಯಲ್ಲಿ ನಮ್ಮ ತಂಡವನ್ನೇ ತೆಗೆದ್ರು. ಪಿಜಿಯಲ್ಲಿ ಕೂತು ಎರಡು ತಿಂಗಳು ಅರ್ಜಿ ಹಾಕಿದೆ. ಕೈಯಲ್ಲಿದ್ದ ದುಡ್ಡು ಮುಗೀತು. ಮಾರ್ಚ್‌ನಲ್ಲಿ ಬ್ಯಾಗ್ ಹಿಡಿದು ಊರಿಗೆ ಬಂದೆ.

ಮನೆಯಲ್ಲಿ ಏನು ಹೇಳಿದೆ ಗೊತ್ತಾ? "ವರ್ಕ್ ಫ್ರಂ ಹೋಮ್ ಕೊಟ್ಟಿದ್ದಾರೆ" ಅಂತ.

ನಿಜ ಹೇಳೋ ಹಾಗಿರಲಿಲ್ಲ ಅಂತ ನನಗೆ ನಾನೇ ಸಮಾಧಾನ ಹೇಳ್ಕೊಂಡಿದ್ದೆ. 2023ರಲ್ಲಿ ಮಳೆ ಕೈಕೊಟ್ಟಿತ್ತು. ಆ ಬೇಸಿಗೆಯಲ್ಲಿ ನಮ್ಮ ಬೋರ್‌ವೆಲ್ ನೀರು ಇಳೀತಾ ಇತ್ತು. ಅಡಿಕೆ ಗಿಡ ಒಣಗದೇ ಇರ್ಲಿ ಅಂತ ಅಪ್ಪ ಟ್ಯಾಂಕರ್ ನೀರು ಹೊಡೆಸ್ತಿದ್ರು. ಅಂಥಾ ಹೊತ್ತಲ್ಲಿ ನನ್ನದೊಂದು ಬೇರೆ ಯಾಕೆ ಅಂತ ಸುಮ್ಮನಾದೆ. ದಿನಾ ಬೆಳಗ್ಗೆ ರೂಮಿನ ಬಾಗಿಲು ಹಾಕ್ಕೊಂಡು ಲ್ಯಾಪ್‌ಟಾಪ್ ತೆಗೀತಿದ್ದೆ. ಮೊದಮೊದಲು ಅರ್ಜಿ ಹಾಕ್ತಿದ್ದೆ. ಆಮೇಲೆ ಅದೂ ನಿಂತುಹೋಯ್ತು. ಇನ್‌ಸ್ಟಾಗ್ರಾಂನಲ್ಲಿ ಯಾರು ಎಲ್ಲಿಗೆ ಟ್ರಿಪ್ ಹೋದ್ರು, ಯಾರು ಕಾರು ತಗೊಂಡ್ರು ಅಂತ ನೋಡೋದು, ಮಲಗೋದು. ರಾತ್ರಿ ಎರಡು ಗಂಟೆಯಾದ್ರೂ ನಿದ್ದೆ ಇಲ್ಲ, ಬೆಳಗ್ಗೆ ಹತ್ತಾದ್ರೂ ಎದ್ದೇಳೋಕೆ ಆಗಲ್ಲ. ಹಲ್ಲುಜ್ಜೋದೂ ಒಂದು ಬೆಟ್ಟ ಹತ್ತಿದ ಹಾಗೆ. ಇದನ್ನ ಸೋಮಾರಿತನ ಅಂತಲೇ ನಾನು ಅಂದ್ಕೊಂಡಿದ್ದೆ.

ಮೇ ತಿಂಗಳಲ್ಲಿ ಒಂದಿನ ಅವ್ವ ಕೊಟ್ಟಿಗೆಯಲ್ಲಿ ಜಾರಿ ಬಿದ್ದಳು. ಬಲಗೈ ಮಣಿಕಟ್ಟಿನ ಮೂಳೆ ಮುರೀತು. ಆರು ವಾರ ಪಟ್ಟಿ. ತಂಗಿಯನ್ನ ಹೊಸದುರ್ಗಕ್ಕೆ ಕೊಟ್ಟಿದೆ, ಅವಳಿಗೆ ಎರಡು ತಿಂಗಳ ಕೂಸು, ಬರೋ ಹಾಗಿರಲಿಲ್ಲ. ಅಪ್ಪ ತೋಟ ಬಿಟ್ಟು ಬರೋ ಹಾಗಿಲ್ಲ. ಮನೆಯಲ್ಲಿ ಉಳಿದೋನು ನಾನೊಬ್ಬ. ಆದ್ರೆ ನಾನು "ಡ್ಯೂಟಿಯಲ್ಲಿ" ಇದ್ದೀನಲ್ಲ!

ಆಸ್ಪತ್ರೆಯಿಂದ ಬಂದ ಸಂಜೆ ಒಲೆ ಮುಂದೆ ನಿಂತು ಹೇಳಿಬಿಟ್ಟೆ. "ಅವ್ವಾ, ನಂಗೆ ಕೆಲಸ ಇಲ್ಲ. ಜನವರಿಯಲ್ಲೇ ಹೋಯ್ತು."

ಅವ್ವ ನನ್ನ ಮುಖ ನೋಡಲಿಲ್ಲ. "ಗೊತ್ತು ಕಣಪ್ಪ," ಅಂದಳು. "ಆ ಲ್ಯಾಪ್‌ಟಾಪಿನ ವೈರು ವಾರದಿಂದ ಮಂಚದ ಕೆಳಗೇ ಬಿದ್ದೈತೆ. ದಿನಾ ಗುಡಿಸೋಳು ನಾನಲ್ವಾ?"

ಎರಡು ತಿಂಗಳು ಇಷ್ಟು ಕಷ್ಟಪಟ್ಟು ಕಾಪಾಡಿದ ಗುಟ್ಟು ಪೊರಕೆಗೆ ಯಾವತ್ತೋ ಸಿಕ್ಕಿಬಿದ್ದಿತ್ತು. (ನಗು)

ಮಾರನೇ ದಿನದಿಂದ ನನ್ನ ಡ್ಯೂಟಿ ಶುರು. ಬೆಳಗ್ಗೆ ಐದೂವರೆಗೆ ಕೊಟ್ಟಿಗೆ ಸಗಣಿ ಬಾಚೋದು, ಹಾಲು ಕರೆಯೋದು, ಡೈರಿಗೆ ಹಾಕೋದು. ಬಾಗಿಲಿಗೆ ನೀರು ಹಾಕೋದು. ನಲ್ಲಿ ನೀರು ಬಿಟ್ಟ ದಿನ ಡ್ರಮ್ಮು, ಕೊಡ ತುಂಬಿಸೋದು. ತಿಂಡಿ, ಪಾತ್ರೆ, ಬಟ್ಟೆ, ಮಧ್ಯಾಹ್ನದ ಮುದ್ದೆ, ಮತ್ತೆ ಪಾತ್ರೆ. ನನ್ನ ಮೊದಲ ಮುದ್ದೆಯಲ್ಲಿ ಮುದ್ದೆಗಿಂತ ಗಂಟೇ ಜಾಸ್ತಿ ಇತ್ತು. ಅವ್ವ ಪಕ್ಕದಲ್ಲಿ ಕೂತು ಎಡಗೈಯಲ್ಲಿ ಸನ್ನೆ ಮಾಡ್ತಾ, "ಎಸರು ಮರಳ್ಲಿ ತಡಿ... ಈಗ ಹಿಟ್ಟು ಹಾಕು... ಗಂಟಾದ್ರೆ ಆಗ್ಲಿ, ತಿರುವು, ಕೈ ನಿಲ್ಲಿಸ್ಬೇಡ" ಅಂತಿದ್ದಳು. ಅಪ್ಪ ಆ ಮುದ್ದೆಯನ್ನ ಏನೂ ಮಾತಾಡದೆ ಉಂಡ್ರು. ಗಂಟು ಸಿಕ್ಕಿದಾಗೆಲ್ಲ ನೀರು ಕುಡೀತಿದ್ರು, ಅಷ್ಟೇ.

ಎರಡನೇ ವಾರಕ್ಕೆ ಒಂದು ವಿಷಯ ಗಮನಿಸಿದೆ. ತಿಕ್ಕಿದ ಪಾತ್ರೆಗಳನ್ನ ಬೋರಲು ಹಾಕಿ ನಿಂತಿದ್ದೆ. ಒಂದು ಕೆಲಸ ಮುಗೀತು ಅನ್ನಿಸ್ತು. ಐದು ತಿಂಗಳಲ್ಲಿ ನಾನು ಶುರು ಮಾಡಿ ಮುಗಿಸಿದ ಕೆಲಸ ಅಂದ್ರೆ ಇದೇ. ರಾತ್ರಿ ಮೈ ದಣಿದು ಹತ್ತು ಗಂಟೆಗೆಲ್ಲ ನಿದ್ದೆ ಬರ್ತಿತ್ತು. ಹಸಿವೂ ಆಗ್ತಿತ್ತು.

ಊರವರೂ ಗಮನಿಸಿದ್ರು. ಡೈರಿ ಹತ್ರ ಒಬ್ರು ಅಣ್ಣ, "ಏನಪ್ಪಾ, ಬೆಂಗಳೂರಲ್ಲಿ ಇದೇ ಕೋರ್ಸ್ ಮಾಡಿದ್ಯಾ?" ಅಂತ ರೇಗಿಸಿದ್ರು. ಆದ್ರೆ ಹೊಗಳಿದವರೇ ಜಾಸ್ತಿ. ಪಕ್ಕದ ಮನೆ ಅಜ್ಜಿಯಂತೂ ಸಿಕ್ಕಿದವರಿಗೆಲ್ಲ, "ಗಂಡು ಹುಡುಗ ಆಗಿ ಹೆಂಗೆ ಅವ್ವನ್ನ ನೋಡ್ಕೊಳ್ತಾನೆ ನೋಡ್ರಮ್ಮ" ಅಂತ ಹೇಳ್ತಿದ್ರು. ನಾನೂ ಒಳಗೊಳಗೇ ಉಬ್ಬಿದ್ದೆ.

ಒಂದು ಸಂಜೆ ಕಟ್ಟೆ ಮೇಲೆ ಕೂತು ಅವ್ವನಿಗೆ ದೊಡ್ಡದಾಗಿ ಹೇಳಿದೆ. "ಮನೆಗೆಲಸ ಮಾಡಿದ್ರೆ ಮನಸ್ಸು ಹಗುರ ಆಗುತ್ತೆ ಕಣವ್ವ."

ಅವ್ವ ಸ್ವಲ್ಪ ಹೊತ್ತು ಸುಮ್ಮನಿದ್ದು, "ನಿಂಗೆ ಆಗುತ್ತೆ," ಅಂದಳು. ಆಮೇಲೆ ಹೇಳಿದಳು. "ನಿನ್ನ ತಂಗಿ ಹುಟ್ಟಿದ ಮೇಲೆ ಒಂದು ವರ್ಷ ನಂಗೆ ಏನೂ ಬ್ಯಾಡಾಗಿತ್ತು. ಕೂಸು ಎತ್ಕೊಳ್ಳೋಕೂ ಬ್ಯಾಡ. ಆಗ್ಲೂ ದಿನಾ ಇದೇ ಕೆಲಸ ಮಾಡ್ದೆ. ಹಗುರ ಆಗ್ಲಿಲ್ಲ. ಕೆಲಸ ನಡೀತಿತ್ತಲ್ಲ, ಅದಕ್ಕೆ ಯಾರಿಗೂ ಗೊತ್ತೂ ಆಗ್ಲಿಲ್ಲ."

ನನಗೆ ಮಾತೇ ಹೊರಡಲಿಲ್ಲ. ನನಗೆ ಬೇಜಾರಾದಾಗ ನಾನು ಎದ್ದೇಳೋದು ನಿಲ್ಲಿಸಿದೆ. ಅದಕ್ಕೇ ಮನೆಯವರಿಗೆ ಏನೋ ಸರಿಯಿಲ್ಲ ಅಂತ ಗೊತ್ತಾಯ್ತು. ಅವ್ವನಿಗೆ ನಿಲ್ಲಿಸೋ ಹಾಗೇ ಇರಲಿಲ್ಲ. ಹೊತ್ತಿಗೆ ಸರಿಯಾಗಿ ಮುದ್ದೆ ತಟ್ಟೆಗೆ ಬರ್ತಿರೋ ಮನೆಯಲ್ಲಿ, ಅದನ್ನ ಮಾಡಿದವಳು ಹೇಗಿದ್ದಾಳೆ ಅಂತ ಯಾರು ಕೇಳ್ತಾರೆ?

ನನ್ನ ಕೆಲಸಕ್ಕೆ ಆರು ವಾರ ಅಂತ ಒಂದು ಕೊನೆ ಇತ್ತು. ಮೇಲಿಂದ ಹೊಗಳಿಕೆ. ಅವಳ ಕೆಲಸಕ್ಕೆ ಎರಡೂ ಇರಲಿಲ್ಲ. ಕೆಲಸ ಒಂದೇ ಆದ್ರೂ ಅದು ನನ್ನನ್ನ ಮೇಲೆತ್ತಿತು, ಅವಳನ್ನ ಮುಚ್ಚಿಹಾಕಿತು.

ಇದು ನಮ್ಮ ಮನೆ ಕಥೆ ಮಾತ್ರ ಅಲ್ಲ. ಜನ ದಿನದ ಹೊತ್ತನ್ನ ಹೇಗೆ ಕಳೀತಾರೆ ಅಂತ ಕೇಂದ್ರ ಸರ್ಕಾರ ಸಮಯ ಬಳಕೆ ಸಮೀಕ್ಷೆ ಮಾಡುತ್ತೆ. 2024ರ ಸಮೀಕ್ಷೆ ಪ್ರಕಾರ ಸಂಬಳವಿಲ್ಲದ ಮನೆಗೆಲಸ ಮಾಡೋರ ಪೈಕಿ ಹೆಂಗಸರು ಅದಕ್ಕೆ ದಿನಕ್ಕೆ ಸರಾಸರಿ 289 ನಿಮಿಷ ಕೊಡ್ತಾರೆ, ಗಂಡಸರು 88 ನಿಮಿಷ. 2019ರಲ್ಲಿ ಅದು 299 ಮತ್ತು 97 ಇತ್ತು. ಅಂದ್ರೆ ಐದು ವರ್ಷದಲ್ಲಿ ಹೆಂಗಸರಿಗೆ ಹತ್ತು ನಿಮಿಷ ಉಳೀತು. ಗಂಡಸರಿಗೂ ಒಂಬತ್ತು ನಿಮಿಷ ಉಳೀತು! ನಮ್ಮ ದುರ್ಗದ ಒನಕೆ ಓಬವ್ವನನ್ನೇ ನೋಡಿ. 2021ರಿಂದ ನವೆಂಬರ್ 11ಕ್ಕೆ ಸರ್ಕಾರ ಅವಳ ಜಯಂತಿ ಮಾಡುತ್ತೆ. ಒನಕೆ ಹಿಡಿದು ಹೈದರಾಲಿಯ ಸೈನಿಕರನ್ನ ಹೊಡೆದ ಆ ಒಂದು ದಿನ ಎಲ್ಲರಿಗೂ ಗೊತ್ತು. ಅದೇ ಒನಕೆಯಲ್ಲಿ ಕುಟ್ಟಿದ ಉಳಿದ ದಿನಗಳನ್ನ ಕೇಳಿದವರು ಯಾರು?

ಆ ಸಂಜೆ ಅವ್ವ ಇನ್ನೊಂದು ಮಾತು ಹೇಳಿದಳು. "ನಿನ್ನ ತಂಗಿಗೆ ಫೋನ್ ಮಾಡು. ಕೂಸು ಹೆಂಗೈತೆ ಅಂತ ಕೇಳ್ಬೇಡ, ಎಲ್ರೂ ಅದನ್ನೇ ಕೇಳ್ತಾರೆ. ನೀನು ಹೆಂಗಿದೀಯ, ನಿದ್ದೆ ಬರುತ್ತಾ ಅಂತ ಕೇಳು." ಕೇಳಿದೆ. ತಂಗಿ ಎರಡು ನಿಮಿಷ ಸುಮ್ಮನಿದ್ದು ಅತ್ತಳು. ಆಮೇಲೆ ಅವಳ ಗಂಡನ ಹತ್ರವೂ ಮಾತಾಡಿದ್ವಿ. ಆಶಾ ಕಾರ್ಯಕರ್ತೆಗೂ ಹೇಳಿದ್ವಿ. ಹೆರಿಗೆ ಆದಮೇಲೆ ಮನಸ್ಸು ಕುಸಿಯೋದು ಒಂದು ಕಾಯಿಲೆ, ಅದಕ್ಕೆ ಚಿಕಿತ್ಸೆ ಇದೆ. ಅವ್ವನ ಕಾಲದಲ್ಲಿ ಅದನ್ನ ಅವಳಿಗೆ ಹೇಳುವವರು ಇರಲಿಲ್ಲ.

ಇಲ್ಲಿಗೆ ಕಥೆ ಮುಗಿದಿದ್ರೆ ಚೆನ್ನಾಗಿರ್ತಿತ್ತು. ಮುಗೀಲಿಲ್ಲ. ಜೂನ್ ಕೊನೆಗೆ ಅವ್ವನ ಪಟ್ಟಿ ಬಿಚ್ಚಿದ್ರು. ಕೈ ಸ್ವಲ್ಪ ಪಳಗಿದ ಮೇಲೆ ಅವಳು ಅಡುಗೆಮನೆ ವಾಪಸ್ ತಗೊಂಡಳು. ಒಂದೇ ವರ್ಷದಲ್ಲಿ ಎರಡನೇ ಸಲ ನನ್ನ ಕೆಲಸ ಹೋಯ್ತು! (ನಗು) ತಮಾಷೆಗೆ ಹೇಳ್ತೀನಿ, ಆದ್ರೆ ಹತ್ತು ಹದಿನೈದು ದಿನದಲ್ಲಿ ಮತ್ತೆ ಹಳೇ ಮಂಚ, ಹಳೇ ಫೋನು. ಒಂದು ರಾತ್ರಿ, ನಾನಿಲ್ಲದಿದ್ರೆ ಇವರಿಗೆ ಒಂದು ಖರ್ಚು ಕಡಿಮೆ ಅನ್ನೋ ಯೋಚನೆ ಬಂತು. ಅದು ಬಂದ ರೀತಿ ನೋಡಿ ನಾನೇ ಹೆದರಿದೆ. ಲೆಕ್ಕ ಬರೆದಷ್ಟು ತಣ್ಣಗೆ ಬಂತು.

ಎದ್ದು ಹೋಗಿ ಅವ್ವನನ್ನ ಎಬ್ಬಿಸಿದೆ. ಯಾವ ಮುಚ್ಚುಮರೆಯೂ ಇಲ್ಲದೆ ಹೇಳಿದೆ. ಅವಳು ಬೈಯಲಿಲ್ಲ, ಬುದ್ಧಿ ಹೇಳಲಿಲ್ಲ, ಪಕ್ಕದಲ್ಲೇ ಚಾಪೆ ಹಾಸಿದಳು. ಬೆಳಗ್ಗೆ ಇಬ್ಬರೂ ಕೂತು 14416ಕ್ಕೆ ಫೋನ್ ಮಾಡಿದ್ವಿ. ಟೆಲಿ ಮಾನಸ್ ಅಂತ. 2022ರ ಅಕ್ಟೋಬರ್ 10ರಂದು, ವಿಶ್ವ ಮಾನಸಿಕ ಆರೋಗ್ಯ ದಿನ ಶುರುವಾದ ಸರ್ಕಾರಿ ಸಹಾಯವಾಣಿ. ಬೆಂಗಳೂರಿನ ನಿಮ್ಹಾನ್ಸ್ ಅದರ ಮುಖ್ಯ ಕೇಂದ್ರ. ದುಡ್ಡಿಲ್ಲ, ದಿನದ 24 ಗಂಟೆ ಇರುತ್ತೆ, ಕನ್ನಡದಲ್ಲೇ ಮಾತಾಡಬಹುದು. ನನ್ನ ಹತ್ರ ಮಾತಾಡಿದವರು ನೇರವಾಗಿ ಕೇಳಿದ್ರು. ನಿದ್ದೆ ಹೇಗಿದೆ, ಊಟ ಹೇಗಿದೆ, ಮೊದಲು ಇಷ್ಟ ಇದ್ದಿದ್ದು ಈಗಲೂ ಇಷ್ಟ ಆಗುತ್ತಾ, ಸಾಯೋ ಯೋಚನೆ ಬಂದಿದ್ಯಾ. ಆ ಕೊನೇ ಪ್ರಶ್ನೆಯನ್ನ ಒಬ್ಬರು ಮಾಮೂಲಿ ದನಿಯಲ್ಲಿ ಕೇಳಿದ್ರಲ್ಲ, ಅದರಲ್ಲೇ ಅರ್ಧ ಭಾರ ಇಳೀತು. ಆಮೇಲೆ ಆಸ್ಪತ್ರೆಗೆ ಹೋಗಿ ಮನೋವೈದ್ಯರನ್ನ ನೋಡಿ ಅಂದ್ರು.

ಡಾಕ್ಟರು ಮೊದಲು ರಕ್ತಪರೀಕ್ಷೆ ಬರೆದ್ರು. ರಕ್ತ ಕಡಿಮೆ ಇದ್ರೂ, ಥೈರಾಯ್ಡ್ ತೊಂದರೆ ಇದ್ರೂ ಹೀಗೇ ಸುಸ್ತು ಆಗುತ್ತಂತೆ. ನಂದು ಅದಲ್ಲ ಅಂತಾಯ್ತು. ಬೇಜಾರು ಎಲ್ಲರಿಗೂ ಬರುತ್ತೆ, ಹೋಗುತ್ತೆ. ಎರಡು ವಾರಕ್ಕಿಂತ ಜಾಸ್ತಿ, ಹೆಚ್ಚುಕಮ್ಮಿ ದಿನವಿಡೀ ಇದ್ದು, ನಿದ್ದೆ, ಊಟ, ಕೆಲಸ ಎಲ್ಲಾ ಕೆಟ್ರೆ ಅದು ಖಿನ್ನತೆ ಇರಬಹುದು, ತೋರಿಸ್ಕೊಳ್ಳಿ ಅಂತ ವಿವರಿಸಿದ್ರು. ನನಗೆ ಕೆಲವು ತಿಂಗಳು ಮಾತ್ರೆ, ಜೊತೆಗೆ ಆಪ್ತಸಮಾಲೋಚನೆ ಬೇಕಾಯ್ತು. ಮಾತ್ರೆ ಬೇಕಾ ಬೇಡವಾ ಅನ್ನೋದನ್ನ ನಾನಾಗ್ಲಿ, ಯೂಟ್ಯೂಬ್ ಆಗ್ಲಿ ಹೇಳೋದಲ್ಲ, ಡಾಕ್ಟರೇ ಹೇಳಬೇಕು.

ಒಂದು ವಿಷಯ ನನಗೆ ಆಮೇಲೆ ಗೊತ್ತಾಯ್ತು. 1996ರಲ್ಲಿ ಶುರುವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿ, ನಿಮ್ಹಾನ್ಸ್ 1980ರ ದಶಕದಲ್ಲಿ ನಮ್ಮ ಪಕ್ಕದ ಬಳ್ಳಾರಿ ಜಿಲ್ಲೆಯಲ್ಲಿ ಮಾಡಿದ ಪ್ರಯೋಗ. ಹಳ್ಳಿಯವರಿಗೂ ಹತ್ತಿರದಲ್ಲೇ ಚಿಕಿತ್ಸೆ ಸಿಗಲಿ ಅಂತ. ನಾನು ಇದೆಲ್ಲ ಬೆಂಗಳೂರಿನ ದುಡ್ಡಿರೋರ ಕಾಯಿಲೆ ಅಂದ್ಕೊಂಡಿದ್ದೆ.

ಸಮಾಲೋಚಕರು ಕಲಿಸಿದ್ದು ಒಂದೇ ಒಂದು. ಮನಸ್ಸು ಬಂದಮೇಲೆ ಮಾಡ್ತೀನಿ ಅಂತ ಕಾಯಬೇಡ, ಮಾಡ್ತಾ ಮಾಡ್ತಾ ಮನಸ್ಸು ಬರುತ್ತೆ. ದಿನಕ್ಕೆ ಎರಡೋ ಮೂರೋ ಸಣ್ಣ ಕೆಲಸ, ಹೊತ್ತು ಗೊತ್ತು ಮಾಡಿ ಬರ್ಕೋ. ಪಾತ್ರೆ ತಿಕ್ಕೋವಾಗ ನನಗೆ ಗೊತ್ತಿಲ್ಲದೇ ಆಗಿದ್ದು ಇದೇ. ಆದ್ರೆ ಅವ್ವನ ಮಾತು ಅವರಿಗೆ ಹೇಳಿದಾಗ ಅವರೂ ಒಪ್ಪಿದ್ರು. ಮಾಡೋ ಕೆಲಸದಲ್ಲಿ ನಮ್ಮ ಇಷ್ಟ ಸ್ವಲ್ಪ ಇರಬೇಕು, ಬಿಡುವಿರಬೇಕು, ಒಂದು ಒಳ್ಳೆ ಮಾತು ಇರಬೇಕು. ಇಲ್ಲಾಂದ್ರೆ ಅದು ಬರೀ ದುಡಿತ.

ಹಾಗಾಗಿ ಮನೆಯಲ್ಲಿ ಪಾಳಿ ಮಾಡಿದ್ವಿ. ರಾತ್ರಿ ಮುದ್ದೆ, ಪಾತ್ರೆ ನಂದು. ನಲ್ಲಿ ನೀರು, ಕೊಟ್ಟಿಗೆ ಅಪ್ಪಂದು. ಭಾನುವಾರ ಸಂಜೆ ಅವ್ವ ಅಡುಗೆಮನೆಗೆ ಬರೋ ಹಾಗಿಲ್ಲ. ಪಕ್ಕದ ಮನೆಯವರ ಜೊತೆ ಕರಿಸಿದ್ಧೇಶ್ವರ ಸ್ವಾಮಿ ಬೆಟ್ಟದ ಕಡೆ ಹೋಗಿ ಬರ್ತಾಳೆ. "ನೀನು ತಿಕ್ಕಿದ ಪಾತ್ರೇಲಿ ಜಿಡ್ಡು ಹಂಗೇ ಇರುತ್ತೆ" ಅಂತ ಮೊದಮೊದಲು ಮತ್ತೆ ತೊಳೀತಿದ್ದಳು. ಈಗ ಬಿಟ್ಟಿದ್ದಾಳೆ. ನಾನು ಸುಧಾರಿಸಿದ್ದೀನೋ, ಅವಳು ಆಸೆ ಬಿಟ್ಟಳೋ ಗೊತ್ತಿಲ್ಲ. (ನಗು)

ಇನ್ನು ಕೆಲಸದ ವಿಷಯ. ಎಲ್ಲ ಸರಿಹೋಯ್ತು ಅಂತ ಸುಳ್ಳು ಹೇಳಲ್ಲ, ಸುಳ್ಳು ಹೇಳಿ ಸಾಕಾಗಿದೆ. ಹೊಳಲ್ಕೆರೆಯಲ್ಲಿ ಒಬ್ಬ ತೆರಿಗೆ ಸಲಹೆಗಾರರ ಆಫೀಸಲ್ಲಿ ಜಿಎಸ್‌ಟಿ ಲೆಕ್ಕ ನೋಡ್ಕೊಳ್ತೀನಿ. ತಿಂಗಳ 20ನೇ ತಾರೀಕು ಹತ್ರ ಬಂದ್ರೆ ರಿಟರ್ನ್ ಹಾಕೋ ಗಡಿಬಿಡಿ. ಸಂಬಳ ಬೆಂಗಳೂರಿನ ಅರ್ಧಕ್ಕಿಂತ ಕಡಿಮೆ. ಇಲ್ಲೇ ಇರಬೇಕಾ, ಮತ್ತೆ ಹೋಗಬೇಕಾ, ಇನ್ನೂ ಗೊತ್ತಿಲ್ಲ. ಹಿರಿಯೂರಿನ ಗೆಳೆಯ ಒಬ್ಬ, "ನಮ್ಮ ಮಾರಿಕಣಿವೆ ಡ್ಯಾಮು 1933ರಲ್ಲಿ ತುಂಬಿದ್ದು, ಮತ್ತೆ ತುಂಬಿದ್ದು 2022ಕ್ಕೆ. 89 ವರ್ಷ ಕಾಯ್ತಲ್ಲ, ನಿಂದೇನು ಅವಸರ?" ಅಂತಾನೆ. ಡ್ಯಾಮಿಗೆ ಇಎಂಐ ಇರಲಿಲ್ಲ ಮಾರಾಯ ಅಂತೀನಿ. ಆದ್ರೆ ಒಂದು ವ್ಯತ್ಯಾಸ ಇದೆ. ಮೊದಲು "ಮುಂದೇನು?" ಅನ್ನೋ ಪ್ರಶ್ನೆ ಬಂದ್ರೆ ಮುಸುಕು ಹಾಕ್ಕೊಂಡು ಮಲಗ್ತಿದ್ದೆ. ಈಗ ಆ ಪ್ರಶ್ನೆ ಇಟ್ಕೊಂಡೇ ಬೆಳಗ್ಗೆ ಎದ್ದು ಬಸ್ ಹತ್ತುತ್ತೀನಿ.

ಕೇಳ್ತಿರೋ ನಿಮಗೆ ಎರಡು ಮಾತು. ನೀವು ನನ್ನ ಹಾಗೆ ಮಲಗಿಬಿಟ್ಟಿದ್ರೆ, ಒಬ್ಬರಿಗೆ ಹೇಳಿ. ಮನೆಯಲ್ಲಿ ಆಗಲ್ಲ ಅಂದ್ರೆ 14416 ಇದೆ. ಅಂಥಾ ಕೆಟ್ಟ ಯೋಚನೆ ಬಂದಿದ್ರಂತೂ ಬೆಳಗಾಗಲಿ ಅಂತ ಕಾಯಬೇಡಿ.

ಇನ್ನೊಂದು, ನಿಮ್ಮ ಮನೆಯಲ್ಲಿ ಯಾವತ್ತೂ ಮಲಗದೇ ಇರೋರು ಒಬ್ಬರು ಇರ್ತಾರಲ್ಲ, ಅವರನ್ನ ಇವತ್ತು ಕೇಳಿ. ಊಟ ಆಯ್ತಾ ಅಂತಲ್ಲ, ನೀನು ಹೆಂಗಿದೀಯ ಅಂತ. ಉತ್ತರ ಬರೋಕೆ ಹೊತ್ತಾಗುತ್ತೆ, ಕಾಯಿರಿ. ಕಾಯೋ ಹೊತ್ತಿಗೆ ಅಲ್ಲಿರೋ ಪಾತ್ರೆ ತಿಕ್ಕಿ.

ಎಸರು ಇಡೋ ಹೊತ್ತಾಯ್ತು, ಇವತ್ತು ನನ್ನ ಪಾಳಿ. ಬರ್ತೀನಿ, ನಮಸ್ಕಾರ.