ಹೊಳೆ ದಾಟಿದವರು
(ಶತಮಾನೋತ್ಸವ ಸಮಾರಂಭದಲ್ಲಿ ಮಾಡಿದ ಉಪನ್ಯಾಸ)



ಸ್ವಾತಂತ್ರ್ಯ ಹೋರಾಟವೆಂದೊಡನೆ ನಾವು ಎದೆಗೊಟ್ಟು ನಿಂತವರನ್ನು ನೆನೆಯುತ್ತೇವೆ. ಊರು ಬಿಟ್ಟು ಹೋದವರನ್ನು ಮರೆಯುತ್ತೇವೆ. ಇಂದು ಅವರನ್ನು ಕುರಿತು ನಾಲ್ಕು ಮಾತುಗಳನ್ನು ಹೇಳಬಯಸುತ್ತೇನೆ.

1947ರ ಆಗಸ್ಟ್ 15ರಂದು ರಾಯದುರ್ಗಕ್ಕೂ ಮಡಕಶಿರಕ್ಕೂ ಸ್ವಾತಂತ್ರ್ಯ ಬಂದಿತು. ರಾಯದುರ್ಗ ಆಗ ಮದ್ರಾಸ್ ಪ್ರಾಂತ್ಯದ ಬಳ್ಳಾರಿ ಜಿಲ್ಲೆಯ ತಾಲ್ಲೂಕು. ಅದೇ ಜಿಲ್ಲೆಯ ಉತ್ತರದ ಅಂಚಿನಲ್ಲಿ ತುಂಗಭದ್ರೆಯನ್ನು ದಾಟಿದರೆ ನಿಜಾಮರ ಸಂಸ್ಥಾನ. ರಾಯಚೂರು, ಗುಲಬರ್ಗಾ, ಬೀದರ ಜಿಲ್ಲೆಗಳ ಕನ್ನಡಿಗರಿಗೆ ಆ ದಿನ ಬಿಡುಗಡೆಯಿರಲಿಲ್ಲ. ಸ್ಟೇಟ್ ಕಾಂಗ್ರೆಸ್ಸಿನ ನಾಯಕರಾದ ಸ್ವಾಮಿ ರಮಾನಂದ ತೀರ್ಥರು ಅಂದೇ ಬಂಧಿತರಾದರು. ಸಿಂದಗಿಯಲ್ಲಿ ಜನಿಸಿದ ಅವರು ಮೊದಲು ಶಾಲಾ ಶಿಕ್ಷಕರಾಗಿದ್ದರೆಂಬುದು ಈ ವೇದಿಕೆಯಲ್ಲಿ ನೆನೆಯತಕ್ಕ ಸಂಗತಿ.

ಸಂಸ್ಥಾನದೊಳಗೆ ನಿಂತು ಹೋರಾಡುವುದು ಕಷ್ಟವಾದಾಗ ಕಾರ್ಯಕರ್ತರು ಗಡಿಯಾಚೆಗೆ ಸರಿದರು. ಧಾರವಾಡ ಜಿಲ್ಲೆಗೆ ಸೇರಿದ್ದ ಮುಂಡರಗಿಯಲ್ಲಿ ಅಳವಂಡಿ ಶಿವಮೂರ್ತಿಸ್ವಾಮಿಗಳ ಮುಂದಾಳುತನದಲ್ಲಿ, ಗಜೇಂದ್ರಗಡದಲ್ಲಿ ಪುಂಡಲೀಕಪ್ಪ ಜ್ಞಾನಮೋಠೆಯವರ ಮುಂದಾಳುತನದಲ್ಲಿ ಶಿಬಿರಗಳು ನಡೆದವು. ಶಿಬಿರದ ತರುಣರು ಗಡಿ ದಾಟಿ ಕರೋಡಗಿರಿ ನಾಕೆಗಳ ಮೇಲೆ, ಪೊಲೀಸ್ ಠಾಣೆಗಳ ಮೇಲೆ ದಾಳಿ ಮಾಡಿ ಹಿಂದಿರುಗುತ್ತಿದ್ದರು. ಅದು ಹೇಡಿತನವಲ್ಲ, ಯುದ್ಧನೀತಿ. ಮರಳಿ ಬರುವ ಸಂಕಲ್ಪವಿದ್ದ ಹಿಂಜರಿತ ಸೋಲಾಗುವುದಿಲ್ಲ.

ಆದರೆ ಈ ನೀತಿಯ ಬೆಲೆಯನ್ನು ತೆತ್ತವರು ಯಾರು? ದಾಳಿ ಮಾಡಿದವರಿಗೆ ಶಿಬಿರದ ಆಸರೆಯಿತ್ತು. ಹಳ್ಳಿಯಲ್ಲಿ ಉಳಿದ ರೈತನಿಗೆ, ಬಾಣಂತಿಗೆ, ಮುದುಕರಿಗೆ ಇರಲಿಲ್ಲ. ರಜಾಕಾರರ ಹಾವಳಿಗೆ ಅಂಜಿ ಸಾವಿರಾರು ಕುಟುಂಬಗಳು ಕಟ್ಟಿದ ದನ, ಬಿತ್ತಿದ ಹೊಲ ಬಿಟ್ಟು ಗಡಿ ದಾಟಿದವು. 1948ರ ಸೆಪ್ಟೆಂಬರ್ 13ರಂದು ಭಾರತದ ಸೇನೆ ಪ್ರವೇಶಿಸಿತು. 17ರಂದು ನಿಜಾಮರು ಶರಣಾದರು. ವಲಸೆ ಹೋದವರು ಮನೆಗೆ ಮರಳತೊಡಗಿದರು.

ಸತ್ಯವನ್ನು ಅರ್ಧಕ್ಕೆ ನಿಲ್ಲಿಸಬಾರದು. ಆ ಗೆಲುವಿನ ಬೆನ್ನಲ್ಲೇ ಪ್ರತೀಕಾರಕ್ಕೆ ಸಿಕ್ಕಿ ಪ್ರಾಣ ಕಳೆದುಕೊಂಡ, ಮನೆ ತೊರೆದ ನಿರಪರಾಧಿ ಮುಸ್ಲಿಮರೂ ಬಹುಮಂದಿ. ಅದನ್ನು ವಿಚಾರಿಸಲು ಕೇಂದ್ರ ಸರ್ಕಾರ ಪಂಡಿತ ಸುಂದರಲಾಲರ ನೇತೃತ್ವದ ಸಮಿತಿಯನ್ನು ಕಳುಹಿಸಿತು. ಮಗುವನ್ನು ಸೊಂಟಕ್ಕೇರಿಸಿ ಕತ್ತಲಲ್ಲಿ ಊರು ಬಿಡುವ ತಾಯಿಯ ಭಯಕ್ಕೆ ಮತಭೇದವಿಲ್ಲ.

ನಮ್ಮ ಕಥೆ ಇನ್ನೊಂದು ಬಗೆಯದು. 1953ರ ಅಕ್ಟೋಬರ್ 1ರಂದು ರಾಯದುರ್ಗ, ಆಲೂರು, ಆದೋನಿ ತಾಲ್ಲೂಕುಗಳು ಆಂಧ್ರಕ್ಕೆ ಸೇರಿದವು. ರಾಯದುರ್ಗದ ಜನ ಎಲ್ಲಿಗೂ ಹೋಗಲಿಲ್ಲ. ಗಡಿಯೇ ಅವರನ್ನು ದಾಟಿ ಹೋಯಿತು. ಮೂರು ವರ್ಷಗಳ ಬಳಿಕ, 1956ರ ನವೆಂಬರ್ 1ರಂದು, ಹೊಳೆಯಾಚೆಯ ರಾಯಚೂರು ಮೈಸೂರು ರಾಜ್ಯವನ್ನು ಸೇರಿತು. ಇತ್ತ ಗಡಿಯ ಈ ಬದಿಯಲ್ಲಿ ಕನ್ನಡವನ್ನು ಕಾಯುವ ಹೊಣೆ ಇಂಥ ಶಾಲೆಗಳ ಪಾಲಿಗೆ ಬಂದಿತು.

ಪೋಷಕರಲ್ಲಿ ನನ್ನದೊಂದು ವಿನಂತಿ. ಆ ದಿನಗಳನ್ನು ಬಾಲ್ಯದಲ್ಲಿ ಕಂಡವರು ಇಂದು ಎಂಬತ್ತು ದಾಟಿದ್ದಾರೆ. ನಿಮ್ಮ ಮನೆಯ ಅಜ್ಜ-ಅಜ್ಜಿಯರು ಯಾರಿಗೆ ಅಂಜಿ ಹೊರಟರು, ಯಾರು ಜಗುಲಿಯಲ್ಲಿ ಜಾಗ ಕೊಟ್ಟರು, ಯಾರು ಅಂಬಲಿ ಬಡಿಸಿದರು ಎಂಬುದನ್ನು ಮಕ್ಕಳಿಂದ ಕೇಳಿಸಿರಿ, ಕನ್ನಡದಲ್ಲಿ ಬರೆಸಿರಿ. ಶಿಕ್ಷಕರು ಆ ಬರಹಗಳನ್ನು ಶಾಲೆಯ ಗ್ರಂಥಾಲಯದಲ್ಲಿ ಜೋಪಾನವಾಗಿಡಲಿ. ಓಡಿಬಂದವರಿಗೆ ಬಾಗಿಲು ತೆರೆದವರೂ ಸ್ವಾತಂತ್ರ್ಯ ಯೋಧರೇ. ಅವರ ಹೆಸರುಗಳು ಯಾವ ಶಿಲಾಫಲಕದಲ್ಲಿಯೂ ಇಲ್ಲದಿದ್ದರೆ, ನಮ್ಮ ಮಕ್ಕಳ ನೋಟುಪುಸ್ತಕದಲ್ಲಾದರೂ ಇರಲಿ.