ಊರಿನ ಗ್ರಂಥಾಲಯಕ್ಕೆ ಕಣದ ಪಾಲು
(ತಿರ್ಲಾಪುರದ ಗ್ರಾಮಸ್ಥರನ್ನುದ್ದೇಶಿಸಿದ ಭಾಷಣದ ಪಠ್ಯ)



ನವಲಗುಂದ ಸೀಮೆಯಲ್ಲಿ ನಿಂತು ‘ಕರ’ ಎಂಬ ಶಬ್ದವನ್ನು ಉಚ್ಚರಿಸುವವರು ಎಚ್ಚರದಿಂದಿರಬೇಕು. ಮಲಪ್ರಭಾ ಅಚ್ಚುಕಟ್ಟಿನ ಅಭಿವೃದ್ಧಿ ಕರದ ವಿರುದ್ಧ ನಡೆದ ಹೋರಾಟದಲ್ಲಿ 1980ರ ಜುಲೈ 21ರಂದು ನರಗುಂದ, ನವಲಗುಂದಗಳಲ್ಲಿ ರೈತರು ಗೋಲಿಬಾರಿಗೆ ಬಲಿಯಾದರು. ನೀರು ಹೊಲಕ್ಕೆ ಬರುವ ಮೊದಲೇ ಕರದ ನೋಟೀಸು ಮನೆಗೆ ಬಂದಿತೆಂಬುದು ಅಂದಿನ ದೂರು. ಇಂದಿನ ವಿಷಯವೂ ಒಂದು ಕರದಿಂದಲೇ ಆರಂಭವಾಗುತ್ತದೆ. ಇದು ಅತಿ ಸಣ್ಣದು. ಇದರ ವಿರುದ್ಧ ಯಾರೂ ಹೋರಾಡಲಿಲ್ಲ, ಏಕೆಂದರೆ ಇದನ್ನು ಕೊಡುತ್ತಿರುವುದು ಬಹುಮಂದಿಗೆ ತಿಳಿದೇ ಇಲ್ಲ.

1965ರ ಕರ್ನಾಟಕ ಸಾರ್ವಜನಿಕ ಗ್ರಂಥಾಲಯ ಕಾಯಿದೆಯು ಗ್ರಂಥಾಲಯ ಕರವನ್ನು ವಿಧಿಸಿತು. ಮೊದಲು ರೂಪಾಯಿಗೆ 3 ಪೈಸೆಯಿದ್ದುದು ಅನಂತರ 6 ಪೈಸೆಯಾಯಿತು. ಮನೆಯ ಕಂದಾಯ 500 ರೂಪಾಯಿಯಾದರೆ ಅದರೊಡನೆ 30 ರೂಪಾಯಿ ಗ್ರಂಥಾಲಯದ ಹೆಸರಿನಲ್ಲಿ ಸೇರುತ್ತದೆ. ಪಂಚಾಯತಿಯ ರಸೀದಿಯನ್ನು ಬೆಳಕಿಗೆ ಹಿಡಿದು ಓದಿದರೆ ಆ ಸಾಲು ಕಾಣುತ್ತದೆ. ವಸೂಲಾದ ಈ ಹಣ ಗ್ರಂಥಾಲಯದ ಲೆಕ್ಕಕ್ಕೆ ಸಕಾಲದಲ್ಲಿ ಸಂದಾಯವಾಗುವುದಿಲ್ಲವೆಂಬ ದೂರು ಈ ರಾಜ್ಯದಲ್ಲಿ ಬಹಳ ಹಳೆಯದು. ದೊಡ್ಡ ನಗರಗಳಲ್ಲಿ ಅದರ ಬಾಕಿಯೂ ದೊಡ್ಡದು. ಆದುದರಿಂದ ಗ್ರಂಥಾಲಯಕ್ಕಾಗಿ ಪಟ್ಟಿ ಎತ್ತಲು ಹೊರಡುವವರು ಮೊದಲು ಕೇಳಬೇಕಾದುದು ಗ್ರಾಮಸಭೆಯಲ್ಲಿ: ಕಳೆದ ವರ್ಷ ಈ ಊರಿನಿಂದ ಎಷ್ಟು ಗ್ರಂಥಾಲಯ ಕರ ಸಂಗ್ರಹವಾಯಿತು, ಎಷ್ಟು ವೆಚ್ಚವಾಯಿತು? ಈ ಉತ್ತರ ಪಡೆಯದೆ ದೇಣಿಗೆ ಕೂಡಿಸಿದರೆ, ಕೊಡಬೇಕಾದವರು ಕೈ ತೊಳೆದುಕೊಳ್ಳುತ್ತಾರೆ.

ಗ್ರಾಮ ಪಂಚಾಯತಿ ಗ್ರಂಥಾಲಯಗಳು 2019ರಲ್ಲಿ ಗ್ರಂಥಾಲಯ ಇಲಾಖೆಯಿಂದ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ವರ್ಗಾವಣೆಯಾದವು. ಅವುಗಳ ಸಂಖ್ಯೆ ಐದೂವರೆ ಸಾವಿರಕ್ಕೂ ಅಧಿಕ. 2020ರಲ್ಲಿ ‘ಓದುವ ಬೆಳಕು’ ಕಾರ್ಯಕ್ರಮ ಆರಂಭವಾಗಿ ಮಕ್ಕಳಿಗೆ ಉಚಿತ ಸದಸ್ಯತ್ವ ದೊರೆಯಿತು. ಇಂದು ಅವು ‘ಅರಿವು ಕೇಂದ್ರ’ಗಳೆನಿಸಿವೆ. ಶಾಲೆ ಮುಚ್ಚಿದ್ದ ಆ ಕೊರೋನಾ ದಿನಗಳಲ್ಲಿ ಅನೇಕ ಹಳ್ಳಿಗಳ ಮಕ್ಕಳಿಗೆ ಪುಸ್ತಕ ದೊರೆತದ್ದು ಇಲ್ಲಿಯೇ. ಸರ್ಕಾರದ ಕೆಲಸವನ್ನು ಮೆಚ್ಚಬೇಕಾದಲ್ಲಿ ಮೆಚ್ಚಬೇಕು.

ಹಾಗಿದ್ದರೆ ಊರು ಏಕೆ ಕೊಡಬೇಕು? ಸರ್ಕಾರ ಗೋಡೆ ಕಟ್ಟೀತು, ಮೇಲ್ವಿಚಾರಕರಿಗೆ ವೇತನ ಕೊಟ್ಟೀತು, ಒಂದೇ ಪಟ್ಟಿಯ ಪುಸ್ತಕಗಳನ್ನು ಬೀದರಿಗೂ ಮಡಿಕೇರಿಗೂ ಕಳುಹಿಸೀತು. ಎರೆಭೂಮಿಯ ಈ ಊರಿಗೆ ಯಾವ ಪುಸ್ತಕ ಬೇಕೆಂಬುದು ಅದಕ್ಕೆ ತಿಳಿಯದು.

ಊರು ಮತ್ತು ಸರ್ಕಾರ ಕೂಡಿ ನಡೆಸಿದ ಒಂದು ಹಳೆಯ ವ್ಯವಸ್ಥೆಯನ್ನು ಇಲ್ಲಿ ನೆನೆಯಬಹುದು. ಬರೋಡಾ ಸಂಸ್ಥಾನದಲ್ಲಿ ಸಯ್ಯಾಜಿರಾವ್ ಗಾಯಕವಾಡರು 1910ರ ಸುಮಾರಿಗೆ ಗ್ರಂಥಾಲಯ ಜಾಲವನ್ನು ಕಟ್ಟಿದಾಗ ಹಾಕಿದ ನಿಯಮ ಸರಳವಾಗಿತ್ತು. ಹಳ್ಳಿಯು ನಿಗದಿತ ಮೊತ್ತವನ್ನು ತಾನೇ ಕೂಡಿಸಿದರೆ ಅಷ್ಟೇ ಹಣವನ್ನು ಪ್ರಾಂತ ಪಂಚಾಯತಿಯೂ ಅಷ್ಟೇ ಹಣವನ್ನು ಸಂಸ್ಥಾನವೂ ಕೊಡುತ್ತಿದ್ದವು. ಊರಿನ ಒಂದು ರೂಪಾಯಿ ಮೂರಾಗುತ್ತಿತ್ತು. 1972ರಲ್ಲಿ ಕೊಲ್ಕತ್ತದಲ್ಲಿ ಸ್ಥಾಪನೆಯಾದ ರಾಜಾ ರಾಮಮೋಹನ ರಾಯ್ ಗ್ರಂಥಾಲಯ ಪ್ರತಿಷ್ಠಾನದ ಸಮಪಾಲಿನ ಅನುದಾನದಲ್ಲಿ ಇದೇ ತತ್ತ್ವದ ನೆರಳಿದೆ. ಕೇರಳದಲ್ಲಿ ಪಿ. ಎನ್. ಪಣಿಕ್ಕರ್ 1945ರಲ್ಲಿ ಅಂಬಲಪ್ಪುಳದಲ್ಲಿ 47 ಗ್ರಂಥಾಲಯಗಳನ್ನು ಒಂದೆಡೆ ಕೂಡಿಸಿದರು. ಅಲ್ಲಿ ಇಂದಿಗೂ ಗ್ರಂಥಾಲಯವು ಊರಿನ ಸದಸ್ಯರದು, ಸರ್ಕಾರದ್ದು ಸಹಾಯಧನ ಮಾತ್ರ. ಕಾಸರಗೋಡಿನ ಕನ್ನಡಿಗರೂ ಆ ವ್ಯವಸ್ಥೆಯೊಳಗಿನವರು.

ಅಷ್ಟು ದೂರ ಹೋಗಬೇಕೆಂದೂ ಇಲ್ಲ. ಧಾರವಾಡದ ಮನೋಹರ ಗ್ರಂಥಮಾಲೆ 1933ರಿಂದ ಬದುಕಿದ್ದು ಮುಂಗಡವಾಗಿ ಚಂದಾ ಕೊಟ್ಟ ಓದುಗರಿಂದ. ಪುಸ್ತಕ ಕೈಗೆ ಬರುವ ಮೊದಲೇ ಹಣ ಕೊಟ್ಟ ಆ ಜನರಲ್ಲಿ ಶ್ರೀಮಂತರೇ ಇದ್ದರೆಂದು ಭಾವಿಸಬೇಕಾಗಿಲ್ಲ. ಗಳಗನಾಥರು ತಮ್ಮ ಕಾದಂಬರಿಗಳನ್ನು ಹೊತ್ತು ಊರೂರು ತಿರುಗಿ ಮಾರಿದ್ದು ಇದೇ ಸೀಮೆಯಲ್ಲಿ. ಧಾರವಾಡದ ಮುರುಘಾಮಠದ ಪ್ರಸಾದ ನಿಲಯದಲ್ಲಿ ಓದಿದ ಬಡ ವಿದ್ಯಾರ್ಥಿಗಳು ಉಂಡದ್ದು ಹಳ್ಳಿಗಳಿಂದ ಬಂದ ಜೋಳವನ್ನು. ಓದಿಗಾಗಿ ಧಾನ್ಯ ಅಳೆದು ಕೊಡುವ ರೂಢಿ ಇಲ್ಲಿಗೆ ಹೊಸದಲ್ಲ.

ಇದಕ್ಕೆ ವಿರುದ್ಧವಾದ ಬಗೆಯೂ ಒಂದಿದೆ. ಮೈಸೂರಿನ ರಾಜೀವನಗರದಲ್ಲಿ ಕೂಲಿಕಾರರಾದ ಸೈಯದ್ ಇಸಾಕ್ ಅವರು ನಡೆಸುತ್ತಿದ್ದ ಗ್ರಂಥಾಲಯವು 2021ರ ಏಪ್ರಿಲ್ 9ರಂದು ಬೆಂಕಿಗೆ ಆಹುತಿಯಾಯಿತು. ಸುಮಾರು 11,000 ಪುಸ್ತಕಗಳು ಬೂದಿಯಾದವು. ಸುದ್ದಿ ಹರಡಿದ ಕೆಲವೇ ದಿನಗಳಲ್ಲಿ ಅಂತರ್ಜಾಲದ ಮೂಲಕ ಇಪ್ಪತ್ತು ಲಕ್ಷಕ್ಕೂ ಮಿಕ್ಕಿ ಹಣದ ವಾಗ್ದಾನ ಹರಿದು ಬಂತು. ಜನರ ಔದಾರ್ಯ ದೊಡ್ಡದೇ. ಆದರೆ ಅದಕ್ಕೂ ಹಿಂದಿನ ಹತ್ತು ವರ್ಷ ಅದೇ ಮನುಷ್ಯ ತನ್ನ ದುಡಿಮೆಯಿಂದ ಪತ್ರಿಕೆಗಳನ್ನು ಕೊಂಡು ತಂದು ಹರಡುತ್ತಿದ್ದಾಗ ಆ ಔದಾರ್ಯ ಎಲ್ಲಿತ್ತು? ಗ್ರಂಥಾಲಯಕ್ಕೆ ನಿಜವಾಗಿ ಬೇಕಾದದ್ದು ತಿಂಗಳು ತಿಂಗಳಿನ ಪತ್ರಿಕೆಯ ಬಿಲ್ಲು, ದೀಪದ ಬಿಲ್ಲು, ಹರಿದ ಪುಸ್ತಕದ ರಟ್ಟು. ಇವುಗಳಿಗೆ ನಾಮಫಲಕವಿರುವುದಿಲ್ಲವಾದ್ದರಿಂದ ದಾನಿಗಳೂ ವಿರಳ.

ಹಾಗಾದರೆ ತಿರ್ಲಾಪುರದಂಥ ಊರಿನಲ್ಲಿ ಪಟ್ಟಿ ಎತ್ತುವುದು ಹೇಗೆ? ಒಕ್ಕಲಿಗನ ಕೈಯಲ್ಲಿ ತಿಂಗಳಿಗೊಮ್ಮೆ ಹಣವಿರುವುದಿಲ್ಲ. ಮುಂಗಾರಿ ಹೆಸರಿನ ರಾಶಿಯಾದಾಗ ಒಮ್ಮೆ, ಹತ್ತಿ ಬಿಡಿಸಿದಾಗ ಒಮ್ಮೆ, ಹಿಂಗಾರಿ ಕಡಲೆ ಜೋಳ ಒಕ್ಕಿದಾಗ ಒಮ್ಮೆ ಇರುತ್ತದೆ. ಆಯಗಾರರಿಗೆ ಕಣದಲ್ಲಿ ಪಾಲು ಅಳೆಯುತ್ತಿದ್ದ ಕ್ರಮವನ್ನು ಗ್ರಂಥಾಲಯಕ್ಕೂ ಅನ್ವಯಿಸಬಹುದು. ರಾಶಿಗೆ ಒಂದು ಸೇರು ಹೆಸರು, ಒಂದು ಸೇರು ಕಡಲೆ. ಕೊಡಲಾಗದವರಿಂದ ಕೇಳಕೂಡದು, ಮಳೆ ಕೈಕೊಟ್ಟ ವರ್ಷ ಯಾರಿಂದಲೂ ಕೇಳಕೂಡದು. ಭೂಮಿಯಿಲ್ಲದವರ ಮಕ್ಕಳೇ ಗ್ರಂಥಾಲಯಕ್ಕೆ ಹೆಚ್ಚು ಬರುತ್ತಾರೆಂಬುದನ್ನು ಮರೆತು, ಕೊಟ್ಟವರಿಗೆ ಮುಂದಿನ ಕುರ್ಚಿ ಹಾಕಿದರೆ ಇಡೀ ಕೆಲಸ ಕೆಟ್ಟಿತು. ಕೂಡಿದ್ದೆಷ್ಟು, ಖರ್ಚಾದದ್ದೆಷ್ಟು ಎಂಬುದನ್ನು ಬಾಗಿಲ ಪಕ್ಕದ ಹಲಗೆಯ ಮೇಲೆ ಸೀಮೆಸುಣ್ಣದಿಂದ ಬರೆದಿಡಬೇಕು.

ಪುಸ್ತಕ ದಾನದ ವಿಷಯದಲ್ಲಿ ಸ್ವಲ್ಪ ನಿಷ್ಠುರತೆ ಅಗತ್ಯ. ಹಳೆಯ ಪರೀಕ್ಷಾ ಗೈಡು, ಹತ್ತು ವರ್ಷದ ಹಿಂದಿನ ಪಂಚಾಂಗ ಇವು ದಾನವಲ್ಲ, ಅಟ್ಟದ ಕಸ. ಗೆದ್ದಲು ಹಿಡಿದ ಒಂದು ಗಂಟು ಇಡೀ ಕಪಾಟನ್ನು ತಿನ್ನಬಲ್ಲದು. ಎರೆಮಣ್ಣು ಮಳೆಗೆ ಉಬ್ಬಿ ಬೇಸಿಗೆಗೆ ಬಿರಿಯುವುದರಿಂದ ಇಲ್ಲಿಯ ಗೋಡೆಗಳು ಸೀಳುತ್ತವೆ, ಸೀಳಿನಲ್ಲಿ ಗೆದ್ದಲು ಏರುತ್ತದೆ. ಕಪಾಟನ್ನು ಗೋಡೆಯಿಂದ ಒಂದು ಗೇಣು ದೂರ, ನೆಲದಿಂದ ಒಂದು ಮೊಳ ಮೇಲೆ ಇಡುವುದು ಲೇಸು. 2019ರಲ್ಲಿ ಬೆಣ್ಣಿಹಳ್ಳ, ತುಪ್ಪರಿಹಳ್ಳಗಳು ಉಕ್ಕಿದುದನ್ನು ಕಂಡವರಿಗೆ ಆ ಮೊಳದ ಬೆಲೆಯನ್ನು ವಿವರಿಸಬೇಕಾಗಿಲ್ಲ.

ಕೊಂಡು ತರಲಾಗದ, ಊರೇ ಬರೆಯಬೇಕಾದ ಪುಸ್ತಕಗಳೂ ಇವೆ. 2002ರ ಜೈವಿಕ ವೈವಿಧ್ಯ ಕಾಯಿದೆಯಂತೆ ಪ್ರತಿ ಪಂಚಾಯತಿಯಲ್ಲಿ ಜನತಾ ಜೀವವೈವಿಧ್ಯ ದಾಖಲಾತಿ ಇರಬೇಕು. ಅದು ಬೀರುವಿನ ಬೀಗದೊಳಗಿದ್ದರೆ ಜನರದ್ದಾಗುವುದಿಲ್ಲ. ಅದರ ಒಂದು ಪ್ರತಿ ಓದುವ ಮೇಜಿನ ಮೇಲಿರಬೇಕು. ಪಂಚಾಯತಿಗೊಂದರಂತೆ ಸ್ಥಾಪಿತವಾದ ಮಳೆಮಾಪಕದ ಅಂಕಿಯನ್ನು ಮಕ್ಕಳು ದಿನವೂ ವಹಿಯಲ್ಲಿ ಬರೆದರೆ, ಹತ್ತು ವರ್ಷಗಳಲ್ಲಿ ಈ ಊರಿನ ಬಿತ್ತನೆಗೆ ಅದಕ್ಕಿಂತ ಉಪಯುಕ್ತವಾದ ಗ್ರಂಥವಿರಲಾರದು. ಜಯಧರ ಹತ್ತಿಯನ್ನು ಮಳೆಯ ನೀರಿನಲ್ಲೇ ಬೆಳೆದು ಬಲ್ಲ ಹಿರಿಯರು ಇನ್ನೂ ಇದ್ದಾರೆ. ಬೀಜ ಯಾವ ಮಳೆಗೆ ಬಿತ್ತುತ್ತಿದ್ದರು, ಜೊತೆಗೆ ಯಾವ ಅಕ್ಕಡಿ ಇಡುತ್ತಿದ್ದರು ಎಂಬುದನ್ನು ಅವರ ಮೊಮ್ಮಕ್ಕಳು ಕೇಳಿ ಬರೆದುಕೊಳ್ಳುವ ಕೆಲಸಕ್ಕೆ ಹಣವೂ ಬೇಡ, ಒಂದು ನೂರು ಹಾಳೆಯ ವಹಿ ಸಾಕು.

ಕೊನೆಗೆ ಒಂದು ಸಣ್ಣ ಸಂಗತಿ, ಬೀಗದ ಕೈಯದು. ಹೊಲದಿಂದ ಜನ ಮರಳುವುದು ಸಂಜೆ, ಶಾಲೆ ಬಿಡುವುದೂ ಸಂಜೆ. ಕಚೇರಿಯ ವೇಳೆಗೆ ತೆರೆದು ಕಚೇರಿಯ ವೇಳೆಗೆ ಮುಚ್ಚುವ ಗ್ರಂಥಾಲಯಕ್ಕೆ ಎಷ್ಟು ಸೇರು ಹೆಸರು ಅಳೆದರೂ ಪ್ರಯೋಜನ ಅಲ್ಪ. ಮೇಲ್ವಿಚಾರಕರ ಮೇಲೆ ಹೊರೆ ಹೇರದೆ, ಸಂಜೆ ಆರರಿಂದ ಎಂಟರವರೆಗೆ ಸರದಿಯ ಮೇಲೆ ಕುಳಿತುಕೊಳ್ಳುವ ಹದಿನಾಲ್ಕು ಜನ, ಎಂದರೆ ದಿನಕ್ಕಿಬ್ಬರು, ಅವರಲ್ಲಿ ಅರ್ಧದಷ್ಟಾದರೂ ಹೆಣ್ಣುಮಕ್ಕಳು ದೊರೆತರೆ, ಹೆಸರಿನ ರಾಶಿಯವರೆಗೆ ಕಾಯದೆ ನಾಳೆಯೇ ಬಾಗಿಲು ತೆರೆಯಬಹುದು.